ನಾಯಕಿ ಪದಕದ ಹತ್ತನೆಯ ಹೆಸರು

ಸುಲೋಚನಾಬಾಯಿಯವರ ಕೊರಳಿನಿಂದ ನಾಯಕಿ ಪದಕ ಬಿತ್ತು ಎಂಬ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಕೂತು ಮೂಗುತಿಗೆ ಹರಳು ಕೂರಿಸುತ್ತಿದ್ದೆ. ಹರಳು ಚಿಮಟದಿಂದ ಜಾರಿ ಎಲ್ಲಿ ಹೋಯಿತೋ, ಇವತ್ತಿಗೂ ಸಿಕ್ಕಿಲ್ಲ. ಎದುರಿನ ಸೈಕಲ್ ಅಂಗಡಿಯವನು ಕೈಯಲ್ಲಿ ಪಂಪು ಹಿಡಿದುಕೊಂಡೇ ಬೀದಿಗೆ ಬಂದಿದ್ದ. ಹೂ ಮಾರುವವಳು ಮಾಲೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ನಿಂತಿದ್ದಳು. ಮೂವತ್ತೊಂದು ವರ್ಷ ಆ ಕೊರಳಲ್ಲಿದ್ದ ಪದಕ ಒಂದು ಮಂಗಳವಾರ ಬೆಳಿಗ್ಗೆ ಬಾಯಿಯವರು ಚಹಾ ಕುಡಿಯುವ ಹೊತ್ತಿಗೆ ಬಿದ್ದಿದೆ ಎಂದರೆ ಅದಕ್ಕೆ ನಮ್ಮ ಊರಿನಲ್ಲಿ ಅರ್ಥ ಒಂದೇ. ಅವರಿಗಿಂತ ಚೆನ್ನಾಗಿ ಯಾರೋ ಹಾಡಿದ್ದಾರೆ.

ಸಂಗೀತ ನಾಟಕದ ನಾಯಕಿಗೆ ಕೊಡುವ ಈ ಪದಕಕ್ಕೆ ನಮ್ಮಲ್ಲಿ ತೀರ್ಪುಗಾರರಿಲ್ಲ. ನಾಟಕದ ಹಂಗಾಮು ಮುಗಿದ ಮರುದಿನ, ಆ ವರ್ಷ ನಾಯಕಿಯಾಗಿ ಬಣ್ಣ ಹಚ್ಚಿ ಹಾಡಿದ ಹೆಂಗಸರ ಕೊರಳಿಗೆಲ್ಲ ಸರವನ್ನು ಒಂದೊಂದು ಸಲ ಇಟ್ಟು ನೋಡುತ್ತಾರೆ. ಸಲ್ಲದ ಕೊರಳಲ್ಲಿ ಕೊಂಡಿ ಕೂಡುವುದಿಲ್ಲ, ಸರ ಜಾರಿ ಮಡಿಲಿಗೆ ಬೀಳುತ್ತದೆ. ಸಲ್ಲುವ ಕೊರಳು ಬಂದಾಗ ಯಾರೂ ಮುಟ್ಟದೆ ಟಕ್ಕೆಂದು ಕೂಡಿಕೊಳ್ಳುತ್ತದೆ. ಅವಳಿಗಿಂತ ಮೇಲಾಗಿ ಇನ್ನೊಬ್ಬ ನಾಯಕಿ ಹಾಡಿ ಮುಗಿಸುವ ತನಕ ಆ ಕೊಂಡಿಯನ್ನು ಯಾವ ಇಕ್ಕಳವೂ ಬಿಚ್ಚಲಾರದು. ಹಾಡಿ ಮುಗಿಸಿದ ಗಳಿಗೆಯಲ್ಲಿ ತಾನೇ ಬಿಚ್ಚಿಕೊಳ್ಳುತ್ತದೆ.

ಊರು ಇದಕ್ಕೆ ಹೊಂದಿಕೊಂಡು ಎಪ್ಪತ್ತು ವರ್ಷವಾಗಿತ್ತು. ಪದಕ ತೊಟ್ಟವಳು ಮಲಗುವಾಗ ಒತ್ತದಿರಲೆಂದು ಹತ್ತಿ ಹಿಂಜುವ ಹಂಜಿಯವರ ಮನೆಯಿಂದ ಅವಳಿಗೊಂದು ಅರಳೆಯ ದಿಂಬು ಹೋಗುತ್ತಿತ್ತು. ಸೂಲಗಿತ್ತಿಯರಿಗೆ ಹೆರಿಗೆಯಲ್ಲಿ ಪದಕವನ್ನು ಬೆನ್ನಿಗೆ ತಿರುಗಿಸಿ ಕಟ್ಟುವ ರೀತಿ ಗೊತ್ತಿತ್ತು. ಮೊಟ್ಟಮೊದಲು ಅದನ್ನು ತೊಟ್ಟವರು ಶೇವಂತಾಬಾಯಿ. ಗಂಡಸರೇ ಸೀರೆಯುಟ್ಟು ನಾಯಕಿಯಾಗುತ್ತಿದ್ದ ಕಾಲ ಅದು. ಹೆಣ್ಣೊಬ್ಬಳು ರಂಗಕ್ಕೆ ಬಂದಳೆಂದು ಡೇರೆಯ ಮೇಲೆ ಕಲ್ಲು ಬಿದ್ದಿದ್ದವಂತೆ. ಸರ ಮಾಡಿಸಿಟ್ಟ ವರ್ಷ ಮೀಸೆ ಬೋಳಿಸಿದ ನಾಲ್ವರು ಘಟಾನುಘಟಿ ನಟರು ಸಾಲಾಗಿ ಕೂತು ಕೊರಳು ಕೊಟ್ಟರು. ನಾಲ್ಕೂ ಸಲ ಜಾರಿತು. ಮೂಲೆಯಲ್ಲಿ ಮುದುಡಿ ನಿಂತಿದ್ದ ಶೇವಂತಾಬಾಯಿಯ ಕೊರಳಿಗೆ ಬಂದಾಗ ಕೂಡಿಕೊಂಡಿತು. ಮುಂದಿನವರು ತುಂಗವ್ವ. ನಾಲ್ಕು ವರ್ಷದ ನಂತರ ಮಜ್ಜಿಗೆ ಅನ್ನ ಉಣ್ಣುವಾಗ ಪದಕ ತಾಟಿಗೆ ಬಿತ್ತು. ಅವರು ಊಟ ಮುಗಿಸಿ, ಅದನ್ನು ತೊಳೆದು, ಸೆರಗಿನಲ್ಲಿ ಕಟ್ಟಿಕೊಂಡು, ಹಾಡಿದವಳು ಯಾರು ಎಂದು ಕೇಳುತ್ತ ತಾವೇ ನಾಟಕದ ಡೇರೆಗೆ ನಡೆದರು. ಹೀಗೆ ಹತ್ತು ಹೆಸರು. ಅವನ್ನು, ಪದಕ ಕೊರಳಲ್ಲಿದ್ದ ವರ್ಷಗಳ ಸಮೇತ, ರಂಗಮಂದಿರದ ಬಾಗಿಲಲ್ಲಿರುವ ತಾಮ್ರದ ಹಲಗೆಯ ಮೇಲೆ ಕೆತ್ತುವ ಕೆಲಸ ಅಕ್ಕಸಾಲಿಗರಾದ ನಮ್ಮ ಪತ್ತಾರರ ಮನೆಯದು. ಮೊದಲ ಆರು ಅಜ್ಜ ಕೆತ್ತಿದ್ದು, ಉಳಿದ ನಾಲ್ಕು ಅಪ್ಪ ಕೆತ್ತಿದ್ದು. ಹತ್ತನೆಯದು ಸುಲೋಚನಾಬಾಯಿ. ಮೂವತ್ತೊಂದು ವರ್ಷ ಪದಕ ಅವರನ್ನು ಬಿಟ್ಟು ಕದಲದ ಕಾರಣ ನನ್ನ ಪಾಲಿಗೆ ಒಂದು ಹೆಸರೂ ಬಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಊರು ಉತ್ತರ ಕಂಡುಕೊಂಡಿತು. ನಾಟ್ಯ ಸಂಘದ ಅಧ್ಯಕ್ಷ ಈಶ್ವರಪ್ಪ ಶೆಟ್ಟರ ಮಗಳು ಸಹನಾ ಆರು ತಿಂಗಳಿಂದ ಸುಲೋಚನಾಬಾಯಿಯವರ ಹತ್ತಿರ ‘ರಾಣಿ ಕನಕಲೇಖಾ’ ನಾಟಕದ ಹಾಡುಗಳನ್ನು ಕಲಿಯುತ್ತಿದ್ದಳು. ವರ್ಷಗಟ್ಟಲೆ ಮುಚ್ಚಿದ್ದ ರಂಗಮಂದಿರದಲ್ಲಿ ಮತ್ತೆ ಆಡಲಿದ್ದ ಮೊದಲ ಸಂಗೀತ ನಾಟಕ ಅದು. ಸೋಮವಾರ ಅವಳು ಬಾಯಿಯವರೆದುರು ಕೋಟೆಯ ಬಾಗಿಲ ಹಾಡು ಹಾಡಿದ್ದಳು. ಮಂಗಳವಾರ ಪದಕ ಬಿತ್ತು. ಇನ್ನೇನು ಬೇಕು? ಸೈಕಲ್ ಅಂಗಡಿಯವನು ಅವಳ ಮನೆಯ ಮುಂದೆ ಪಟಾಕಿ ಹಚ್ಚಿಯೂ ಬಂದ. ಒಂದು ದಿನ ತಡವಾಗಿ ಏಕೆ ಬಿತ್ತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಊಟವಾದ ಮೇಲೆ ಈಶ್ವರಪ್ಪ ಶೆಟ್ಟರು ನನ್ನ ಅಂಗಡಿಗೆ ಬಂದರು. ಅರವತ್ತು ದಾಟಿದ ಗಟ್ಟಿ ಆಳು, ತಲೆಯ ಮೇಲೆ ಯಾವಾಗಲೂ ಕರಿಯ ಟೊಪ್ಪಿಗೆ. ರೇಷ್ಮೆ ಚೌಕ ಬಿಡಿಸಿ ಪದಕವನ್ನು ನನ್ನ ಮುಂದಿಟ್ಟರು. ಎಂಟು ಎಸಳು, ನಡುವೆ ಕೆಂಪು ಹರಳು, ಹೆಣಿಗೆಯ ಸರ. ನನ್ನ ಜೀವನದಲ್ಲಿ ಅದನ್ನು ಮೊದಲ ಸಲ ಅಂಗೈಯಲ್ಲಿ ಹಿಡಿದೆ. ಶುಕ್ರವಾರ ಬೆಳಿಗ್ಗೆ ಸಮಾರಂಭ ಇಟ್ಟಿರುವುದಾಗಿಯೂ ಸಣ್ಣದೊಂದು ಕೆಲಸ ಇರುವುದಾಗಿಯೂ ಅವರು ಹೇಳಿದರು.

“ಕೊಂಡಿ ಬಿಗದ ಬಿಟ್ಟೈತಿ, ಬಿಚ್ಚವಲ್ದು. ಅದನ್ನ ಹಂಗ ಬಿಡು. ಸರ ಒಂದ ಕಡೆ ಕಿತ್ತೈತಲ್ಲ, ಅಲ್ಲಿ ಬೆಸುಗಿ ಹಾಕು. ನಮ್ಮ ಸಹನಾನ ಕೊರಳಾಗ ಇಟ್ಟ ಮ್ಯಾಲೆ ಹಾಕಬೇಕು.”

ಕೊರಳಲ್ಲಿ ಇಟ್ಟು ಬೆಸುಗೆ ಹಾಕುವುದೇ ಎಂದು ನಾನು ಕೇಳಿದೆ. ತಪ್ಪು ಕೇಳಿಸಿಕೊಂಡೆ ಅಂದುಕೊಂಡಿದ್ದೆ.

“ನಿಮ್ಮಪ್ಪ ಹಂಗ ಹಾಕಿದ್ದನಲ್ಲ,” ಎಂದರು ಶೆಟ್ಟರು, ಎಲ್ಲರಿಗೂ ಗೊತ್ತಿರುವ ಮಾತು ಎಂಬಂತೆ. “ಹಸಿ ಅರಿವಿ ಸುತ್ತಿ ಹಾಕಿದ್ದ. ಸುಲೋಚನಾಬಾಯಿಗೆ ಒಂದ ಗುಳ್ಳಿ ಸುದ್ದಾ ಎದ್ದಿದ್ದಿಲ್ಲ.”

ಅವರು ಹೋದ ಮೇಲೆ ನಾನು ಬಾಗಿಲು ಅರ್ಧ ಎಳೆದುಕೊಂಡು ಭೂತಗನ್ನಡಿ ಹಿಡಿದೆ. ಬೆಸುಗೆ ಅಪ್ಪನದೇ. ಅವರು ಬೆರಕೆಗೆ ಬೆಳ್ಳಿ ತುಸು ಹೆಚ್ಚು ಹಾಕುತ್ತಿದ್ದರು. ಕೂಡಿಸಿದ ಕಡೆ ಮಸುಕಾದ ಬಿಳಿ ಗೆರೆ ಉಳಿಯುತ್ತಿತ್ತು. ಆ ಗೆರೆಯನ್ನು ನಾನು ಅವರ ಕೈಬರಹದಷ್ಟೇ ಸುಲಭವಾಗಿ ಗುರುತಿಸಬಲ್ಲೆ. ಗೆರೆಯ ಎರಡೂ ಬದಿಗೆ ಸಣ್ಣ ಗರಗಸದ ಹಲ್ಲಿನ ಗುರುತು ಇತ್ತು. ಅಂದರೆ ಬೆಸೆಯುವ ಮೊದಲು ಯಾರೋ ಸರವನ್ನು ಕೊಯ್ದಿದ್ದರು. ಕಿತ್ತುಹೋದದ್ದನ್ನು ಕೂಡಿಸುವುದು ನಮ್ಮ ದಿನದ ಕೆಲಸ. ಆದರೆ ಇದು ಕಿತ್ತದ್ದಲ್ಲ. ಈಗ ಬೆಸುಗೆ ಬಿಟ್ಟದ್ದೂ ತಾನಾಗಿ ಅಲ್ಲ, ಅಲ್ಲಿ ಅಡಿಕೆ ಕತ್ತರಿಸುವ ಅಡಕೊತ್ತಿನ ಬಾಯಿ ಕಚ್ಚಿದ ಹೊಸ ಗುರುತಿತ್ತು. ಆಮೇಲೆ ಕೊಂಡಿ ನೋಡಿದೆ. ಇಕ್ಕಳ ಹಾಕಿದೆ, ಎಣ್ಣೆ ಬಿಟ್ಟೆ, ಸೂಜಿ ಮೊನೆ ತೂರಿಸಿದೆ. ಜಂಗಿಲ್ಲ, ಕೊಳೆಯಿಲ್ಲ, ಬೆಸುಗೆಯಿಲ್ಲ. ಆದರೂ ಕೂದಲೆಳೆಯಷ್ಟು ಅಲುಗಲಿಲ್ಲ.

ಭೂತಗನ್ನಡಿ ಕೆಳಗಿಟ್ಟೆ. ಈ ಕೊಂಡಿ ಯಾರದೋ ಕೊರಳಲ್ಲಿ ಕೂಡಿಕೊಂಡಿತ್ತು. ಆ ಕೊರಳಿನಿಂದ ಬಿಚ್ಚಲಾಗದೆ ನನ್ನ ಅಪ್ಪ ಸರವನ್ನೇ ಕೊಯ್ದು ತೆಗೆದಿದ್ದರು. ತೆಗೆದು ಸುಲೋಚನಾಬಾಯಿಯವರ ಕೊರಳಿಗೆ ಬೆಸೆದಿದ್ದರು. ಕೊಂಡಿ ಮಾತ್ರ ಅವತ್ತಿನಿಂದ ಇವತ್ತಿನವರೆಗೆ ಒಮ್ಮೆಯೂ ಬಿಚ್ಚಿಕೊಂಡಿರಲಿಲ್ಲ.

ಸುಲೋಚನಾಬಾಯಿಯವರ ಮನೆಗೆ ಹೋದಾಗ ಅವರು ಪಡಸಾಲೆಯ ಉಯ್ಯಾಲೆಯಲ್ಲಿ ಒಬ್ಬರೇ ಕೂತಿದ್ದರು. ಎಪ್ಪತ್ತೆರಡು ವರ್ಷದ ಹೆಂಗಸು, ಬೆನ್ನು ಇನ್ನೂ ನೆಟ್ಟಗಿತ್ತು. ಕೊರಳ ಸುತ್ತ ಸರವಿದ್ದ ಜಾಗದಲ್ಲಿ ಬೆಳ್ಳಗಿನ ಪಟ್ಟಿ ಉಳಿದಿತ್ತು, ಬಿಸಿಲು ಕಾಣದ ಚರ್ಮ. ನಾನು ಏನೂ ಕೇಳುವ ಮೊದಲೇ ಅವರು ನನ್ನ ಕೈಚೀಲದ ಕಡೆ ನೋಡಿ, ಅಡಕೊತ್ತಿನ ಗುರುತು ಕಂಡಿತೇ ಎಂದು ಕೇಳಿದರು.

“ಬಿದ್ದಿಲ್ಲ ಮೌನೇಶ. ನಾನ ಕತ್ತರಿಸಿದೆ,” ಎಂದರು.

ಆಮೇಲೆ ಅವರು ಹೇಳಿದ್ದನ್ನು ನಾನು ನಿಂತೇ ಕೇಳಿದೆ, ಕೂರುವುದು ತೋಚಲಿಲ್ಲ. ಮೂವತ್ತೊಂದು ವರ್ಷದ ಹಿಂದೆ, ಹಂಗಾಮಿನ ಕೊನೆಯ ಭಾನುವಾರ ಮಧ್ಯಾಹ್ನದ ಆಟಕ್ಕೆ ಅವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು, ಮೈ ಕಾಯುತ್ತಿತ್ತು. ಅವರ ಹೆಸರು ಕೇಳಿ ಟಿಕೆಟ್ ತೆಗೆದ ಜನ ಮಂದಿರದ ತುಂಬ. ಕಂಪನಿಯ ಮಾಲೀಕರಾಗಿದ್ದ ಬಸಲಿಂಗಪ್ಪ ಶೆಟ್ಟರು, ಅಂದರೆ ಈಶ್ವರಪ್ಪನವರ ತಂದೆ, ಬೇರೆ ಯಾರಿಗೋ ರಾಣಿಯ ಬಣ್ಣ ಹಚ್ಚಿಸಿ, ಮುಖದ ಮೇಲೆ ಸೆರಗು ಇಳಿಬಿಟ್ಟು ಕಳಿಸಿದ್ದರು. ಯಾರನ್ನೆಂದು ಇವರಿಗೆ ಹೇಳಲಿಲ್ಲ. ಹಾಸಿಗೆಯಲ್ಲಿದ್ದ ಇವರಿಗೆ ಆ ದಿನ ಮಂದಿರದಲ್ಲಿ ನಡೆದದ್ದು ತಿಳಿದದ್ದು ಜನರ ಬಾಯಿಂದಲೇ. ಕೋಟೆಯ ಬಾಗಿಲ ಹಾಡು ಮುಗಿಯುತ್ತಿದ್ದಂತೆ ಮುಂದಿನ ಸಾಲಿನಲ್ಲಿ ಕೂತಿದ್ದ, ಹಲಗೆಯ ಒಂಬತ್ತನೆಯ ಹೆಸರಾದ ಬೀಬಿಜಾನ್ ಅವರ ಕೊರಳಿನಿಂದ ಪದಕ ಎಲ್ಲರೆದುರು ಬಿಚ್ಚಿ ಬಿತ್ತು. ಸುಲೋಚನಾಬಾಯಿ ಗೆದ್ದಳು ಎಂದು ಊರು ಕುಣಿಯಿತು.

“ಮರುದಿನ ಬಣ್ಣದ ಕೋಣ್ಯಾಗ ನನ್ನ ಕೊರಳಿಗೆ ಇಟ್ಟರು. ಜಾರಿತು. ಇನ್ನೊಮ್ಮೆ ಇಟ್ಟರು, ಜಾರಿತು. ಹೊರಗ ಮಂದಿ ಡೊಳ್ಳು ಬಡೀತಿದ್ರು. ನನ್ನನ್ನ ಅರಿವಿ ಇಡೋ ಕೋಣ್ಯಾಗ ಕುಂಡ್ರಿಸಿ ಬಾಗಲಾ ಹಾಕ್ಕೊಂಡ್ರು. ಅರ್ಧ ತಾಸ ಆದ ಮ್ಯಾಲೆ ನಿಮ್ಮಪ್ಪ ಬಂದ. ಕೊಂಡಿ ಕೆಟ್ಟೈತಿ, ಬೆಸೀತೀವಿ ಅಂದ್ರು. ನಾ ನಂಬಿದೆ.”

ನಿಜವಾಗಿಯೂ ನಂಬಿದಿರಾ ಎಂದು ನಾನು ಕೇಳಿದೆ. ಅವರು ಉಯ್ಯಾಲೆಯನ್ನು ಕಾಲಿನಿಂದ ನಿಲ್ಲಿಸಿ, ನಂಬುವುದು ಬೇಕಾಗಿತ್ತು, ನಂಬಿದೆ ಎಂದರು. ಆಮೇಲೆ ವರ್ಷ ವರ್ಷ ಹೊಸ ಹುಡುಗಿಯರು ಬಂದರು. ಅವರಲ್ಲಿ ನಾಲ್ಕೈದು ಜನ ತಮಗಿಂತ ಚೆನ್ನಾಗಿ ಹಾಡಿದರೆಂದು ಇವರ ಕಿವಿಗೇ ಗೊತ್ತಾಯಿತು. ಹಾಡು ಮುಗಿದಾಗ ಜನರೆಲ್ಲ ತಿರುಗಿ ಇವರ ಕೊರಳು ನೋಡುತ್ತಿದ್ದರು. ಬೆಸೆದ ಸರ ಹೇಗೆ ಬಿದ್ದೀತು? ಆ ಹುಡುಗಿಯರು ತಲೆ ತಗ್ಗಿಸಿ ಊರು ಬಿಟ್ಟು ಹೋದರು. ಒಬ್ಬಳು ಹಾಡುವುದನ್ನೇ ಬಿಟ್ಟು ಬೇರೆ ಊರಿನಲ್ಲಿ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಾಳೆ. ಇಲ್ಲಿ ಹಾಡಿ ಪ್ರಯೋಜನವಿಲ್ಲ ಎಂದು ಕಂಪನಿಗಳು ಬರುವುದು ನಿಂತಿತು, ಮಂದಿರಕ್ಕೆ ಬೀಗ ಬಿತ್ತು. ಸೋಮವಾರ ಸಹನಾ ಹಾಡಿ ಮುಗಿಸಿದಾಗ ಅವಳ ಕಣ್ಣೂ ಇವರ ಕೊರಳಿಗೇ ಬಂತು. ಏನೂ ಆಗಲಿಲ್ಲ. ಹುಡುಗಿ ಕಣ್ಣೀರು ಒರೆಸಿಕೊಂಡು, ನನ್ನಿಂದ ಆಗುವುದಿಲ್ಲ ಬಾಯಾರ, ನಾಳೆಯಿಂದ ಬರುವುದಿಲ್ಲ ಎಂದಳು. ಮರುದಿನ ಚಹಾದ ಕಪ್ಪು ಕೆಳಗಿಟ್ಟು ಇವರು ಅಡಕೊತ್ತು ಕೈಗೆ ತಗೊಂಡರು.

ಕೊಂಡಿ ಇನ್ನೂ ಕೂಡಿಕೊಂಡೇ ಇರುವುದನ್ನು ನಾನು ತೆಗೆದು ತೋರಿಸಿದೆ. ಅವರು ಅದನ್ನು ಎರಡೂ ಕೈಯಿಂದ ಎಳೆದು ನೋಡಿದರು. ತಮಗಿಂತ ಚೆನ್ನಾಗಿ ಹಾಡಿದವರು ಬಂದುಹೋಗಿದ್ದರು, ಆದರೆ ಆ ಭಾನುವಾರ ಹಾಡಿದವಳನ್ನು ಮೀರಿದವರು ಇಷ್ಟು ವರ್ಷದಲ್ಲಿ ಯಾರೂ ಇಲ್ಲ ಎಂಬುದು ಅವರಿಗೆ ಆಗ ಹೊಳೆಯಿತು.

“ಯಾರ ಕೊರಳು ಅದು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆಗ ನಾನು ಸೋದರಮಾವನ ಊರಿನಲ್ಲಿ ಓದುತ್ತಿದ್ದೆ.

ಗೊತ್ತಿದ್ದದ್ದು ನನ್ನ ಅವ್ವನಿಗೆ. ಎಂಬತ್ತು ದಾಟಿದ ಅವ್ವ ಕಣ್ಣು ಮಂಜಾದರೂ ಅವರೆಕಾಯಿ ಸುಲಿಯುವುದು ಬಿಟ್ಟಿಲ್ಲ. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ಕಾಯಿ ತಗೊಂಡು ಮೆಲ್ಲಗೆ ಕೇಳಿದೆ. ಅವಳ ಕೈ ನಿಂತಿತು. ಆ ದಿನ ಅಪ್ಪ ಮನೆಗೆ ಬಂದವರು ಗರಗಸವನ್ನು ಬಾವಿಗೆ ಎಸೆದು, ಮೂರು ದಿನ ಅನ್ನ ಮುಟ್ಟಲಿಲ್ಲವಂತೆ. ಕೊಯ್ಯಲು ಹೋದಷ್ಟೂ ಸರ ಬಿಗಿಯುತ್ತಿತ್ತು, ಹಿಂಗತ್ತಿನಲ್ಲಿ ರಕ್ತ ಬಂತು, ಆ ಹೆಂಗಸು ಕುಂಯ್ ಎನ್ನಲಿಲ್ಲ ಎಂದಷ್ಟೇ ಹೇಳಿದ್ದರಂತೆ.

“ಅಗಸರ ಓಣಿ ಹನುಮವ್ವ,” ಎಂದಳು ಅವ್ವ. “ಕಂಪನಿ ಸೀರಿ ಒಗದು ಇಸ್ತ್ರಿ ಮಾಡತಿದ್ಲು. ರಂಗದ ಅಂಚಿನಾಗ ನಿಂತ ಕೇಳಿ ಕೇಳಿ ಎಲ್ಲಾ ಹಾಡು ಬಾಯಿಪಾಠ ಆಗಿದ್ವು. ಬಟ್ಟಿ ಒಗ್ಯಾಕಿ ಕೊರಳಾಗ ಊರ ಪದಕ ಹೆಂಗ ತೋರಸೋದು ಅಂತ ಶೆಟ್ಟರು ನಿಮ್ಮಪ್ಪಗ ಹೇಳಿ ಕಳಿಸಿದ್ರು.”

ಹನುಮವ್ವನನ್ನು ನಾನು ದಿನವೂ ನೋಡಿದ್ದೆ. ನನ್ನ ಮೈಮೇಲಿನ ಅಂಗಿಯನ್ನು ಇಸ್ತ್ರಿ ಮಾಡಿದವಳು ಅವಳೇ. ಸಾಯುವ ತನಕ ಅಪ್ಪ ಮನೆಯ ಬಟ್ಟೆಯ ಗಂಟನ್ನು ಯಾರ ಕೈಗೂ ಕೊಡದೆ ತಾವೇ ಹೊತ್ತುಕೊಂಡು ಅವಳ ಹತ್ತಿರ ಹೋಗುತ್ತಿದ್ದರು. ಅದು ಅವರ ಚಟ ಎಂದು ನಾವು ನಗುತ್ತಿದ್ದೆವು.

ಗುರುವಾರ ಬೆಳಿಗ್ಗೆ ನಾನೂ ಒಂದು ಗಂಟು ಕಟ್ಟಿಕೊಂಡು ಅಗಸರ ಓಣಿಗೆ ಹೋದೆ. ಹನುಮವ್ವ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ನಿಂತಿದ್ದಳು. ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಪಂಚೆಯ ಮೇಲೆ ಓಡಿಸುತ್ತಿದ್ದಳು. ಬಗ್ಗಿದಾಗ ತುರುಬಿನ ಕೆಳಗೆ, ಹಿಂಗತ್ತಿಗೆ ಅಡ್ಡವಾಗಿ, ಎಳೆದ ದಾರದಂಥ ಗಾಯದ ಗೆರೆ ಕಂಡಿತು. ಮಾತು ತಯಾರು ಮಾಡಿಕೊಂಡು ಹೋಗಿದ್ದೆ. ಒಂದೂ ಹೊರಡಲಿಲ್ಲ. ಎಂದಿಗೆ ಬೇಕು ಎಂದು ಅವಳು ಕೇಳಿದಳು. ಯಾವಾಗಾದರೂ ಆಗಬಹುದು ಎಂದು ಹೇಳಿ ಕಳ್ಳನ ಹಾಗೆ ತಿರುಗಿ ಬಂದೆ.

ಅಲ್ಲಿಂದ ನೇರ ಸುಲೋಚನಾಬಾಯಿಯವರ ಮನೆಗೆ ಹೋಗಿ ಹೆಸರು ಹೇಳಿದೆ. ಅವರು ಉಯ್ಯಾಲೆಯ ಸರಪಳಿ ಹಿಡಿದುಕೊಂಡರು. ಮೂವತ್ತೊಂದು ವರ್ಷದಿಂದ ಅವರ ಸೀರೆಗಳೂ ಅದೇ ಮೇಜಿನ ಮೇಲೆ ಹೋಗಿ ಬರುತ್ತಿದ್ದವು. ಪ್ರತಿ ಸಮಾರಂಭಕ್ಕೂ ಪದಕ ತೊಟ್ಟು ಕೂರುವಾಗ ಉಡುತ್ತಿದ್ದ ಜರತಾರಿ ಸೀರೆಯೂ. ಅವರು ಅಳಲಿಲ್ಲ. ಶುಕ್ರವಾರ ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದರು.

ಶುಕ್ರವಾರ ಹತ್ತು ಗಂಟೆಗೆ ಮಂದಿರ ಕಿಕ್ಕಿರಿದಿತ್ತು. ರಂಗದ ಮೇಲೆ ಕುರ್ಚಿಗಳು, ನಡುವೆ ಸಹನಾ, ಒಂದು ಬದಿಗೆ ನನ್ನ ಕುಲುಮೆಯ ಸಾಮಾನು. ಬೆಸೆಯುವುದನ್ನು ಹಳೆಯ ಪದ್ಧತಿ ಎಂದು ಹೇಳಿ ಜನರೆದುರೇ ಮಾಡಿಸುವುದು ಈಶ್ವರಪ್ಪನವರ ಲೆಕ್ಕಾಚಾರ. ನಾನು ಊದುಗೊಳವೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಅವರು ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಸುಲೋಚನಾಬಾಯಿ ಎದ್ದು ಮುಂದೆ ಬಂದು ನಿಂತರು. ಬಿಳಿ ಹತ್ತಿಯ ಸೀರೆ ಉಟ್ಟಿದ್ದರು, ಕೊರಳು ಬರಿದಾಗಿತ್ತು. ರಂಗದ ಮೇಲೆ ಮಾತಾಡಿ ರೂಢಿಯಿದ್ದ ಅವರ ದನಿ ಕೊನೆಯ ಸಾಲಿಗೂ ಸ್ಪಷ್ಟವಾಗಿ ಮುಟ್ಟಿತು.

“ಆ ಭಾನುವಾರ ಹಾಡಿದಾಕಿ ನಾ ಅಲ್ಲ. ಈ ಪದಕ ನನಗ ಒಂದ ದಿನಾನೂ ಕೂಡಿದ್ದಿಲ್ಲ. ಬೆಸದಿದ್ರು. ನನಗ ಗೊತ್ತಿತ್ತು, ನಾ ಸುಮ್ಮನಿದ್ದೆ.”

ಅಷ್ಟು ಜನರಿದ್ದ ಮಂದಿರದಲ್ಲಿ ಮೇಲಿನ ತಗಡು ಬಿಸಿಲಿಗೆ ಚಟಗುಡುವುದು ಕೇಳಿಸಿತು. ನಮ್ಮ ಊರಿನಲ್ಲಿ ಸುಲೋಚನಾ ಎಂಬ ಹೆಸರಿನ ಹೆಣ್ಣುಮಕ್ಕಳು ಎಷ್ಟಿದ್ದಾರೋ. ಅವರ ತಾಯಂದಿರು ಅಲ್ಲೇ ಕೂತಿದ್ದರು. ಆ ಭಾನುವಾರದ ಹಾಡು ಕೇಳಿದ ಮುದುಕರೂ ಇದ್ದರು. ಬಾಯಿಯವರು ಆ ದಿನದ ಹಾಗೆ ಮತ್ತೆಂದೂ ಹಾಡಲಿಲ್ಲ ಎಂದು ವರ್ಷಗಟ್ಟಲೆ ಹೇಳಿ, ಅದನ್ನು ಜ್ವರದ ಮಹಿಮೆ ಎಂದುಕೊಂಡವರು. ಅವರಲ್ಲೊಬ್ಬ ನಿವೃತ್ತ ಮೇಷ್ಟರು ಎದ್ದು ನಿಂತು, ಹಾಗಾದರೆ ನಾವು ಕೇಳಿದ್ದು ಯಾರನ್ನು ಎಂದು ಕೇಳಿದರು.

ನಾನು ಸರವನ್ನು ಎತ್ತಿ ಹಿಡಿದೆ. ಬೆಸುಗೆ ಎಲ್ಲಿತ್ತು, ಕೊಂಡಿ ಎಲ್ಲಿದೆ, ಅದು ಈಗಲೂ ಯಾರ ಹಾಡಿಗೆ ಕೂಡಿಕೊಂಡಿದೆ ಎಂದು ಹೇಳಿದೆ. ಕೊಯ್ದವನು ನನ್ನ ಅಪ್ಪ ಎಂದು ಹೇಳಿದೆ. ಹನುಮವ್ವನ ಹೆಸರು ಹೇಳಿದಾಗ ಮೊದಲು ಯಾರಿಗೂ ಅರ್ಥವಾಗಲಿಲ್ಲ. ಯಾವ ಹನುಮವ್ವ ಎಂದು ಒಬ್ಬರನ್ನೊಬ್ಬರು ಕೇಳಿದರು. ಇಸ್ತ್ರಿ ಹನುಮವ್ವ ಎಂದು ಯಾರೋ ಅಂದರು. ಆಗ ಜನ ತಮ್ಮ ತಮ್ಮ ಮೈಮೇಲಿನ ಬಟ್ಟೆ ನೋಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಸಮಾರಂಭಕ್ಕೆಂದು ಗರಿಗರಿಯಾಗಿ ಇಸ್ತ್ರಿ ಮಾಡಿಸಿ ತೊಟ್ಟ ಅಂಗಿ, ಉಟ್ಟ ಸೀರೆ.

ಈಶ್ವರಪ್ಪನವರು ಮೇಜು ಹಿಡಿದು ಎದ್ದು ಏನೋ ಹೇಳಹೊರಟರು. ಸಹನಾ ಅವರಿಗಿಂತ ಮೊದಲು ಎದ್ದಳು. ಇಪ್ಪತ್ತೆರಡರ ಹುಡುಗಿ, ಮುಖವೆಲ್ಲ ಕೆಂಪಾಗಿತ್ತು. ಮೈಕಿನಿಂದ ದೂರ ನಿಂತು ತಂದೆಗೊಬ್ಬರಿಗೇ ಕೇಳುವಂತೆ, “ಅಪ್ಪಾಜಿ, ನಿಮಗ ಗೊತ್ತಿತ್ತೇನು?” ಎಂದಳು. ಅವರು ಟೊಪ್ಪಿಗೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. ಮೂವತ್ತೊಂದು ವರ್ಷದ ಹಿಂದೆ ನನ್ನ ಅಪ್ಪನನ್ನು ಕರೆತರಲು ಓಡಿಬಂದ ಯುವಕ ಅವರೇ ಎಂದು ಅವ್ವ ಹೇಳಿದ್ದಳು. ಸಹನಾ ರಂಗದಿಂದ ಇಳಿದು, ನಡುವಿನ ದಾರಿ ಹಿಡಿದು, ಹೊರಗೆ ನಡೆದಳು. ಎಲ್ಲಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಒಬ್ಬೊಬ್ಬರಾಗಿ ಎದ್ದರು. ಇಡೀ ಮಂದಿರ ಅವಳ ಹಿಂದೆ ಹೊರಟಿತು.

ಅಷ್ಟು ದೊಡ್ಡ ಗುಂಪು ಓಣಿಗೆ ನುಗ್ಗಿದ್ದನ್ನು ಕಂಡು ಹನುಮವ್ವ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟು ಮೇಜಿನ ಹಿಂದೆ ಸರಿದಳು. ಹೆದರಿದ್ದಳು.

“ಯಾರ ಬಟ್ಟಿ ಸುಟ್ಟೈತ್ರಿ?” ಎಂದಳು.

ಸುಲೋಚನಾಬಾಯಿ ಮುಂದೆ ಬಂದರು. ಇಬ್ಬರೂ ಒಂದೇ ವಾರಿಗೆಯವರು. ಆ ಮೇಜಿನ ಎರಡು ಬದಿಗೆ ಅವರು ಎಷ್ಟು ಸಲ ನಿಂತಿದ್ದರೋ. ಬಾಯಿಯವರು ಕೈಮುಗಿದು, ಎಲ್ಲರಿಗೂ ಹೇಳಿಬಿಟ್ಟೆ ಹನುಮವ್ವ ಎಂದರು. ಹನುಮವ್ವ ಅವರ ಬರಿದಾದ ಕೊರಳನ್ನು ನೋಡಿದಳು, ನನ್ನ ಕೈಯಲ್ಲಿದ್ದ ಸರವನ್ನು ನೋಡಿದಳು. ಅವಳ ಕೈ ತಾನಾಗಿ ಹಿಂಗತ್ತಿಗೆ ಹೋಯಿತು. ಕೂತುಕೊಳ್ಳಲು ಯಾರೋ ಸ್ಟೂಲು ಎಳೆದುಕೊಟ್ಟರು, ಅವಳು ಕೂರಲಿಲ್ಲ.

ಮೇಷ್ಟರು, ಕೊರಳು ಕೊಡು ತಾಯಿ, ಊರೆಲ್ಲ ಬಂದಿದೆ ಎಂದರು. ಗುಂಪಿನಲ್ಲಿ ಹೌದು ಹೌದು ಎಂಬ ಗುಜುಗುಜು ಎದ್ದಿತು. ನಾನು ಒಂದು ಹೆಜ್ಜೆ ಮುಂದೆ ಇಟ್ಟೆ.

“ಮುಟ್ಟಬ್ಯಾಡ್ರಿ,” ಎಂದಳು ಹನುಮವ್ವ.

ದನಿ ಏರಿಸಲಿಲ್ಲ. ಆದರೂ ಮುಂದಿನ ಸಾಲಿನವರು ಹಿಂದಿನವರ ಕಾಲು ತುಳಿದುಕೊಂಡು ಸರಿದರು. ಅವಳು ಪೆಟ್ಟಿಗೆಯ ಮುಚ್ಚಳ ತೆರೆದು ಕೆಂಡವನ್ನು ಒಮ್ಮೆ ಊದಿ ಮುಚ್ಚಿದಳು. ಆಮೇಲೆ ನನ್ನ ಕಡೆ ನೋಡಿ ಮಾತಾಡಿದಳು, ಬೇರೆ ಯಾರ ಕಡೆಯೂ ನೋಡಲಿಲ್ಲ.

“ಅವತ್ತ ನೀನ ಪದಕಾ ಒಲ್ಲೆ ಅಂದಿ ಏನ ಅಂತ ನಿಮ್ಮಪ್ಪ ವಾರಕ್ಕೊಮ್ಮೆ ಬಂದ ಕೇಳತಿದ್ದ. ನಾ ಒಲ್ಲೆ ಅಂದಿದ್ದಿಲ್ಲ. ಹ್ಞೂಂ ಅಂದೂ ಇದ್ದಿಲ್ಲ. ಯಾರೂ ನನ್ನ ಕೇಳಲೇ ಇಲ್ಲ. ಕೊರಳಿಗೆ ಬಂದಾಗ ತಣ್ಣಗಿತ್ತು, ಆಮ್ಯಾಲೆ ಆಗ ಇಟ್ಟ ತತ್ತಿ ಹಂಗ ಬೆಚ್ಚಗಾತು. ಕನ್ನಡಿ ಎಲ್ಲೈತಿ ಅಂತ ನೋಡಾಕ ಹತ್ತಿದ್ದೆ. ಅಷ್ಟರಾಗ ಗರಗಸ ಬಂತು.”

ಮತ್ತೆ ಹಾಡಲಿಲ್ಲವೇ ಎಂದು ಸಹನಾ ಕೇಳಿದಳು. ಇಲ್ಲ ಎಂದಳು ಹನುಮವ್ವ. ಬಾಯಿ ತೆರೆದಾಗೆಲ್ಲ ಗಾಯ ಎಳೆಯುತ್ತಿತ್ತು, ಗಾಯ ಮಾಯುವ ಹೊತ್ತಿಗೆ ಹಾಡೇ ಬಿಟ್ಟುಹೋಗಿತ್ತು. ಅದನ್ನು ಅವಳು ಯಾರ ಮೇಲೂ ಹೊರಿಸದೆ, ಬಣ್ಣ ಮಾಸಿದ ಬಟ್ಟೆಯ ವಿಷಯ ಹೇಳುವಂತೆ ಹೇಳಿದಳು. ಈಗ ಪದಕ ತೊಟ್ಟು ಏನು ಮಾಡಲಿ, ಇಸ್ತ್ರಿ ಮಾಡುವಾಗ ತೂಗಾಡಿ ಬಟ್ಟೆಗೆ ತಗಲುತ್ತದೆ ಎಂದೂ ಅಂದಳು. ಒಬ್ಬಿಬ್ಬರು ನಕ್ಕರು, ನಕ್ಕವರೇ ತಲೆ ತಗ್ಗಿಸಿದರು.

“ಹಲಗಿ ಮ್ಯಾಲೆ ಹೆಸರ ಕೆತ್ತೋದು ನಿಮ್ಮ ಮನಿದಲ್ಲ, ಮೌನೇಶಪ್ಪ?” ಎಂದು ಕೇಳಿದಳು. ಹೌದು ಎಂದೆ. “ಅಲ್ಲೆ ನನ್ನ ಹೆಸರ ಕೆತ್ತು. ಮುಂದ ಅರ್ಧ ತಾಸು ಅಂತ ಕೆತ್ತು. ಅಷ್ಟ ಹೊತ್ತ ಇತ್ತು. ಹೆಚ್ಚ ಬರೀಬ್ಯಾಡ, ಕಡಿಮೀನೂ ಬರೀಬ್ಯಾಡ.”

ಸುಲೋಚನಾಬಾಯಿ ತಮ್ಮ ಹೆಸರನ್ನು ಒರೆಸಿ ಅದೇ ಜಾಗದಲ್ಲಿ ಕೆತ್ತು ಎಂದು ನನಗೆ ಹೇಳಿದರು. ನಿಂತವರು ನಿಂತೇ ಇದ್ದರು. ಏನು ಮಾಡಬೇಕೆಂದು ಊರಿಗೆ ತಿಳಿಯಲಿಲ್ಲ. ಹನುಮವ್ವ ಪಂಚೆಯನ್ನು ಮತ್ತೆ ಮೇಜಿನ ಮೇಲೆ ಹರವಿ, ಬಿಸಿ ನೋಡಲು ಬೆರಳಿಗೆ ಉಗುಳು ಹಚ್ಚಿ ಪೆಟ್ಟಿಗೆಯ ತಳಕ್ಕೆ ತಗುಲಿಸಿ, ಕೆಲಸ ಹಿಡಿದಳು. ಆಮೇಲೆ ಒಬ್ಬೊಬ್ಬರೇ ಹಿಂದಕ್ಕೆ ತಿರುಗಿದರು.

ಹಲಗೆಯನ್ನು ಇಳಿಸಿ ಅಂಗಡಿಗೆ ತಂದು ಎಂಟು ದಿನ ಕೆಲಸ ಮಾಡಿದೆ. ಅಪ್ಪ ಕೆತ್ತಿದ ಅಕ್ಷರಗಳು ಆಳವಾಗಿದ್ದವು. ಉಜ್ಜಿ ಉಜ್ಜಿ ತಾಮ್ರ ಅಲ್ಲಿ ತೆಳುವಾಯಿತು. ಅದರ ಮೇಲೆ ಹೊಸ ಹೆಸರು ಕೆತ್ತುವಾಗ ಉಳಿ ಹಿಡಿದ ಕೈ ಎರಡು ಸಲ ನಿಂತಿತು. ನನ್ನ ಪಾಲಿಗೆ ಬಂದ ಮೊದಲ ಹೆಸರು ಅದು. ಹತ್ತು, ಹನುಮವ್ವ, ಅರ್ಧ ತಾಸು. ಕೂಡಿಕೊಂಡೇ ಇರುವ ಕೊಂಡಿಯ ಸಮೇತ ಸರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಂದಿರದಲ್ಲಿ ಇಟ್ಟಿದ್ದಾರೆ. ಸಹನಾ ಹಾಡುವುದು ಬಿಡಲಿಲ್ಲ. ಈಗ ಅವಳ ಜೊತೆ ಇನ್ನೂ ಮೂವರು ಹುಡುಗಿಯರು ಕಲಿಯುತ್ತಿದ್ದಾರೆ. ಸೀರೆ ಮಡಚುತ್ತಿದ್ದ ಆ ಇನ್ನೊಬ್ಬಳಿಗೆ ಸುಲೋಚನಾಬಾಯಿ ತಾವೇ ಕಾಗದ ಬರೆದಿದ್ದಾರೆ. ಉತ್ತರ ಬಂದಿಲ್ಲ.

ನಾಟಕ ಶುರುವಾದ ಮೇಲೆ ಹೊರಗಿನ ಊರುಗಳಿಂದ ಜನ ಬರತೊಡಗಿದರು. ಒಂದು ದಿನ ಯಾವುದೋ ಕಂಪನಿಯ ಹಾರ್ಮೋನಿಯಂ ಬಾರಿಸುವ ವಯಸ್ಸಾದ ಗೃಹಸ್ಥರೊಬ್ಬರು ಹಲಗೆಯ ಮುಂದೆ ನಿಂತು ಮೇಲಿನಿಂದ ಓದುತ್ತ ಬಂದು ಹತ್ತನೆಯದರಲ್ಲಿ ತಡೆದು ನಿಂತರು. ನಾಲ್ಕು ವರ್ಷ, ಒಂಬತ್ತು ವರ್ಷ, ಹನ್ನೆರಡು ವರ್ಷ ಎಂದು ಎಲ್ಲರ ಹೆಸರಿನ ಮುಂದೆ ಇದೆ, ಇದೇನು ಅರ್ಧ ತಾಸು, ಕೆತ್ತಿದವನು ತಪ್ಪಿದನೇ ಎಂದು ಕೇಳಿದರು. ಪಕ್ಕದ ಟಿಕೆಟ್ ಕಿಟಕಿಯ ಬಳಿ ನಾನಿದ್ದೆ, ಹೂ ಮಾರುವವಳಿದ್ದಳು, ಈಶ್ವರಪ್ಪ ಶೆಟ್ಟರಿದ್ದರು. ಹೂ ಮಾರುವವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಈಶ್ವರಪ್ಪನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಬೋಳುತಲೆಯನ್ನು ನಾನು ಮೊದಲ ಸಲ ಕಂಡದ್ದು ಆವಾಗಲೇ.

“ತಪ್ಪಲ್ರಿ. ಕುಂಡ್ರಿ, ನಾ ಹೇಳ್ತೀನಿ,” ಎಂದರು ಅವರು. “ಪತ್ತಾರನ್ನ ಕರಕೊಂಡ ಬರಾಕ ಹೋದಾವ ನಾನ.”